ಬಸವನಗುಡಿ ಸುತ್ತಾಟ: ದೋಸೆ, ಬಂಡೆ, ಗೋಡೆ ಚಿತ್ರ

ಪ್ರಶ್ನೆ: ರಾತ್ರಿ ರೈಲಿಗೆ ಹುಬ್ಬಳ್ಳಿ ಬಿಟ್ಟು ಮುಂಜಾನೆ ಬೆಂಗಳೂರಾಗ ಇಳೀತೀವಿ. ಜೋಡಿ ಅರವತ್ತೈದು ದಾಟಿದ ಅವ್ವ, ಅಪ್ಪ ಇರ್ತಾರ. ಗಾಂಧಿ ಬಜಾರ್ ಕಡೆ ಒಂದು ದಿನ ಅಡ್ಡಾಡಬೇಕು. ಯಾವ ವಾರ ಬರೋದು ಚಲೋ, ಎಲ್ಲಿಂದ ಶುರು ಮಾಡೋದು? (ಓದುಗರು, ಹುಬ್ಬಳ್ಳಿ)

ಉತ್ತರ: ಮಂಗಳವಾರದಿಂದ ಗುರುವಾರದೊಳಗೆ ಬನ್ನಿ, ಆಗದಿದ್ದರೆ ಶನಿವಾರ. ಇಲ್ಲಿ ತಿರುಗಾಟ ಕೆಡುವುದು ಹೆಚ್ಚಾಗಿ ಹೋಟೆಲುಗಳ ವಾರದ ರಜೆಯಿಂದ. ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ, ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಭಾನುವಾರ, ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಸೋಮವಾರ. ಭಾನುವಾರ ಮೆಟ್ರೊ ಕೂಡ ತಡವಾಗಿಯೇ ಹೊರಡುತ್ತದೆ.

ದೊಡ್ಡ ಚೀಲಗಳನ್ನು ರೈಲು ನಿಲ್ದಾಣದ ಕ್ಲೋಕ್ ರೂಮಿನಲ್ಲಿಟ್ಟು, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗದ ಸಿಲ್ಕ್ ಇನ್‌ಸ್ಟಿಟ್ಯೂಟ್ ಕಡೆಯ ರೈಲು ಹತ್ತಿ. ಮೂರನೆಯ ನಿಲ್ದಾಣವೇ ನ್ಯಾಷನಲ್ ಕಾಲೇಜು. ಹಿರಿಯರಿದ್ದಾರಲ್ಲ, ಅಲ್ಲಿಂದ ಶಂಕರಪುರಕ್ಕೆ ಆಟೊ ಮಾಡಿ. ಬ್ರಾಹ್ಮಿನ್ಸ್‌ನಲ್ಲಿ ಬಹುತೇಕ ನಿಂತೇ ತಿನ್ನಬೇಕು, ಸಾಂಬಾರ್ ಸಿಗುವುದಿಲ್ಲ, ಚಟ್ನಿಯೇ ಪ್ರಧಾನ. ಒಬ್ಬೊಬ್ಬರು ಎರಡು ಇಡ್ಲಿ, ಇಬ್ಬರ ನಡುವೆ ಒಂದು ವಡೆ, ಒಂದು ಕಾಫಿ ಸಾಕು. ಇಲ್ಲೇ ಹೊಟ್ಟೆ ತುಂಬಿಸಿಕೊಂಡರೆ ದೋಸೆಗೆ ಜಾಗ ಇರುವುದಿಲ್ಲ.

ಬಿಸಿಲೇರುವ ಮುಂಚೆ ಕಹಳೆ ಬಂಡೆ (ಬ್ಯೂಗಲ್ ರಾಕ್), ಪಕ್ಕದಲ್ಲೇ ದೊಡ್ಡ ಬಸವಣ್ಣನ ಗುಡಿ. ಒಂದೇ ಕಲ್ಲಿನಲ್ಲಿ ಕಡೆದ ಈ ಬಸವ ಸುಮಾರು 15 ಅಡಿ ಎತ್ತರ, 20 ಅಡಿ ಉದ್ದ. ಕಾರ್ತಿಕದ ಕೊನೆಯ ಸೋಮವಾರದ ಆಸುಪಾಸು ಬರುವುದಾದರೆ ಕಡಲೆಕಾಯಿ ಪರಿಷೆ ಇರುತ್ತದೆ. ಅದನ್ನೇ ನೋಡಲು ಬರುವವರಿಗೆ ಹಬ್ಬ, ಹಿರಿಯರನ್ನು ನಡೆಸಿಕೊಂಡು ಹೋಗುವವರಿಗೆ ಬಹಳ ಕಷ್ಟ.

ಒಂಬತ್ತೂವರೆಯ ಹೊತ್ತಿಗೆ ಗಾಂಧಿ ಬಜಾರಿಗೆ ಇಳಿಯಿರಿ. 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನದಲ್ಲಿ ಮೊದಲು ಬಾಗಿಲಲ್ಲಿ ಹೆಸರು ಹೇಳಿ, ಆಮೇಲೆ ಕಾಯಿರಿ. ಸುಮ್ಮನೆ ಗುಂಪಿನಲ್ಲಿ ನಿಂತರೆ ನಿಮ್ಮ ಸರದಿ ಬರುವುದಿಲ್ಲ. ತಟ್ಟೆಯ ಮೇಲೆ ತಟ್ಟೆ ಜೋಡಿಸಿಕೊಂಡು, ತೋಳಿನುದ್ದಕ್ಕೂ ದೋಸೆ ಹೊತ್ತು ತರುವುದನ್ನು ಅಪ್ಪ, ಅವ್ವನಿಗೆ ತೋರಿಸಲೇಬೇಕು. ದೋಸೆ ದಪ್ಪ, ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಬಂದ ಕೂಡಲೇ ತಿನ್ನಿ. ಐದು ನಿಮಿಷ ಬಿಟ್ಟರೆ ಪಲ್ಯದ ಹಬೆಗೆ ಗರಿ ಹೋಗುತ್ತದೆ. ಮಧ್ಯಾಹ್ನ ಊಟದ ಹೊತ್ತಿಗೆ ಹೋಟೆಲು ಮುಚ್ಚಿ, ಮತ್ತೆ ತೆರೆಯುತ್ತದೆ. ಹನ್ನೆರಡೂವರೆಗೆ ಬಂದು ಬಾಗಿಲು ನೋಡಿ ಹಿಂದಿರುಗುವವರು ಬಹಳ.

ಪ್ರಶ್ನೆ: ಎತ್ತರದಿಂದ ಊರು ನೋಡಲು ಇಲ್ಲಿ ಹಣ ಕೊಟ್ಟು ಹತ್ತುವ ಕಟ್ಟಡವೇನಾದರೂ ಇದೆಯೇ? (ಓದುಗರು, ಶಿವಮೊಗ್ಗ)

ಉತ್ತರ: ಕಟ್ಟಡ ಬೇಡ, ಲಾಲ್‌ಬಾಗ್ ಬಂಡೆ ಹತ್ತಿ. ಸುಮಾರು 300 ಕೋಟಿ ವರ್ಷ ಹಳೆಯ ಶಿಲೆ ಅದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನೆತ್ತಿಯ ಮೇಲೆ ಕೆಂಪೇಗೌಡ ಗೋಪುರ. ಬೆಳಿಗ್ಗೆ ಸೂರ್ಯ ಬೆನ್ನ ಹಿಂದಿರುವಾಗ ಪಶ್ಚಿಮಕ್ಕೆ ಮುಖ ಮಾಡಿದರೆ ಫೋಟೊ ಸ್ಪಷ್ಟ. ಮಳೆ ನಿಂತ ಮೇಲೂ ಪಾಚಿ ಕಟ್ಟಿದ ಕಪ್ಪು ಪಟ್ಟೆಗಳ ಮೇಲೆ ಕಾಲಿಡಬೇಡಿ, ಜಾರುತ್ತದೆ. ಮೆಟ್ರೊ ಕೂಡ ಒಳ್ಳೆಯ ನೋಟ ಕೊಡುತ್ತದೆ. ಕೆ.ಆರ್. ಮಾರುಕಟ್ಟೆ ದಾಟಿದ ಮೇಲೆ ರೈಲು ನೆಲದಡಿಯಿಂದ ಮೇಲೆದ್ದು ಎತ್ತರದ ಹಳಿಗೆ ಬರುತ್ತದೆ. ದಕ್ಷಿಣಕ್ಕೆ ಹೋಗುವಾಗ ಎಡಗಡೆ ನಿಂತರೆ ಲಾಲ್‌ಬಾಗಿನ ಹಸಿರು.

ಪ್ರಶ್ನೆ: ವಿ.ವಿ. ಪುರಂ ತಿಂಡಿ ಬೀದಿಯಲ್ಲಿ ಏನು ತಿಂದರೆ ಹೊಟ್ಟೆ ಕೆಡುವುದಿಲ್ಲ? (ಓದುಗರು, ತುಮಕೂರು)

ಉತ್ತರ: ಸಜ್ಜನ್ ರಾವ್ ವೃತ್ತದ ಬಳಿಯ ಈ ಬೀದಿಗೆ ಕಳೆ ಬರುವುದು ಸಂಜೆ ದೀಪ ಹತ್ತಿದ ಮೇಲೆ. ಕಣ್ಣೆದುರು ಕಾವಲಿಯ ಮೇಲೆ ಬೇಯುವುದನ್ನೇ ಕೇಳಿ: ಅಕ್ಕಿ ರೊಟ್ಟಿ, ಪಡ್ಡು, ಹೋಳಿಗೆ. ಒಂದು ತಟ್ಟೆ ತಂದು ಇಬ್ಬರು ಮೂವರು ಹಂಚಿಕೊಳ್ಳಿ. ಹೆಚ್ಚಿಟ್ಟ ಹಣ್ಣು ಬೇಡ, ನೀರು ನಿಮ್ಮದೇ ಬಾಟಲಿಯಿಂದ. ಡಿಸೆಂಬರ್, ಜನವರಿಯಲ್ಲಾದರೆ ಬೇರೇನನ್ನು ಬಿಟ್ಟರೂ ಹಿತಕಿದ ಅವರೆಬೇಳೆಯ ತಿನಿಸು ಬಿಡಬೇಡಿ. ಸೊಗಡವರೆಯ ಆ ಘಮ ಉಳಿದ ತಿಂಗಳುಗಳಲ್ಲಿ ಸಿಗದು.

ಪ್ರಶ್ನೆ: ಫೋಟೊದಲ್ಲಿ ನೋಡಿದ ಬೀದಿ ಚಿತ್ರ ಹುಡುಕಿಕೊಂಡು ಹೋದರೆ ಅಲ್ಲಿ ಇರುವುದೇ ಇಲ್ಲ. ಇನ್ನೊಂದು: ನಮ್ಮ ಬೀದಿಯವರು ಸೇರಿ ಕಾಂಪೌಂಡ್ ಗೋಡೆಗೆ ಬರೆಸಿದ ಚಿತ್ರ ಒಂದೇ ಮಳೆಗಾಲಕ್ಕೆ ಸಿಪ್ಪೆ ಎದ್ದಿತು. ತಪ್ಪು ಎಲ್ಲಾಯಿತು? (ಓದುಗರು, ಬಸವನಗುಡಿ)

ಉತ್ತರ: ಬೀದಿ ಚಿತ್ರದ ಆಯುಸ್ಸು ಕಡಿಮೆ, ಕೆಲವು ಅಳಿಯಲೆಂದೇ ಹುಟ್ಟಿದವು. ಬೀದಿ ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ರಸ್ತೆ ಗುಂಡಿಯಲ್ಲಿ ಮೊಸಳೆಯ ಬೊಂಬೆ ಕೂರಿಸಿದ್ದು, 2019ರಲ್ಲಿ ಗುಂಡಿಗಳ ನಡುವೆ ಗಗನಯಾತ್ರಿ ವೇಷದವರನ್ನು ನಡೆಸಿದ್ದು ಗುಂಡಿ ಮುಚ್ಚಲಿ ಎಂದೇ. ಹಾಗಾಗಿ ಇತ್ತೀಚಿನ ಫೋಟೊ ನೋಡಿಯೇ ಹೊರಡಿ.

ನಿಮ್ಮ ಗೋಡೆಗೆ ಬರೋಣ. ಸಿಪ್ಪೆ ಏಳುವುದಕ್ಕೆ ಬಣ್ಣಕ್ಕಿಂತ ಅದರಡಿಯ ಗೋಡೆಯೇ ಹೆಚ್ಚಾಗಿ ಕಾರಣ. ಒದ್ದೆ ಅಂಗೈಯಿಂದ ಹಳೆ ಗೋಡೆ ಉಜ್ಜಿ. ಕೈಗೆ ಬಿಳಿ ಪುಡಿ ಅಂಟಿದರೆ ಅಡಿಯಲ್ಲಿ ಸುಣ್ಣವಿರುವ ಸಂಭವ ಹೆಚ್ಚು. ಅದರ ಮೇಲೆ ಎಷ್ಟೇ ಬೆಲೆಯ ಬಣ್ಣ ಬಳಿದರೂ ಸುಣ್ಣದ ಸಮೇತ ಬೀಳುತ್ತದೆ. ತಂತಿ ಬ್ರಷ್‌ನಿಂದ ಗಾರೆ ಕಾಣುವವರೆಗೆ ಕೆರೆಯಲೇಬೇಕು. ಎರಡನೆಯದು ತೇವ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಒಂದು ದಿನ ಬಿಡಿ. ಹಾಳೆಯ ಹಿಂಬದಿಯಲ್ಲಿ ಬೆವರಿದ್ದರೆ ಗೋಡೆ ಇನ್ನೂ ಒಣಗಿಲ್ಲ. ಹೊಸ ಗಾರೆಯಾದರೆ 28 ದಿನವಾದರೂ ಕಾಯಿರಿ. ಸಿಮೆಂಟಿನ ಕ್ಷಾರ ಬಣ್ಣವನ್ನು ಸುಡುತ್ತದೆ. ಗೋಡೆಯ ತಲೆಗೆ ಇಳಿಜಾರು ಕೊಡದಿದ್ದರೆ ಮಳೆ ನೀರು ಮೇಲಿನಿಂದ ಒಳಗಿಳಿದು ಚಿತ್ರವನ್ನು ಹಿಂದಿನಿಂದ ತಳ್ಳುತ್ತದೆ.

20 ಅಡಿ ಉದ್ದ, 6 ಅಡಿ ಎತ್ತರದ ಗೋಡೆಗೆ, ಅಂದರೆ 120 ಚದರಡಿಗೆ, ಹೊರಗೋಡೆಯ ಪ್ರೈಮರ್ (ಬಣ್ಣಕ್ಕೆ ಮುಂಚೆ ಬಳಿಯುವ ಅಡಿಲೇಪ) ಸುಮಾರು ಒಂದೂವರೆ ಲೀಟರ್ ಬೇಕು. ಎರಡು ಕೋಟ್‌ಗೆ ಹೊರಗೋಡೆಯ ಎಮಲ್ಷನ್ (ನೀರಿನಲ್ಲಿ ಕಲಸುವ ಪ್ಲಾಸ್ಟಿಕ್ ಬಣ್ಣ) ಎಲ್ಲ ಬಣ್ಣ ಸೇರಿ ಎರಡೂವರೆ ಲೀಟರ್. ಒಳಗೋಡೆಯ ಡಿಸ್ಟೆಂಪರ್ ಅಗ್ಗವೆಂದು ತರಬೇಡಿ, ಮಳೆಗೆ ಕರಗುತ್ತದೆ. ಸುಣ್ಣದ ಪುಡಿ ಹಚ್ಚಿದ ದಾರ ಬಿಗಿಹಿಡಿದು ಹೊಡೆದು ಗೋಡೆಗೆ ಒಂದಡಿ ಚೌಕ ಹಾಕಿ, ಕಾಗದದ ನಕ್ಷೆಗೂ ಅಷ್ಟೇ ಸಂಖ್ಯೆಯ ಚಿಕ್ಕ ಚೌಕ ಹಾಕಿ ಒಂದೊಂದಾಗಿ ಗೋಡೆಗೆ ಎತ್ತಿಕೊಳ್ಳಿ. ಸಿನಿಮಾ ಬ್ಯಾನರ್ ಬರೆಯುವವರು ಅಳತೆ ತಪ್ಪದಂತೆ ದೊಡ್ಡ ಮುಖ ಮೂಡಿಸಿದ್ದು ಹೀಗೆಯೇ. ಕಾವಿ, ಇಟ್ಟಿಗೆಗೆಂಪಿನಂಥ ಮಣ್ಣಿನ ಬಣ್ಣಗಳು ಬಿಸಿಲು ತಾಳುತ್ತವೆ. ಕಣ್ಣು ಕುಕ್ಕುವ ಗುಲಾಬಿ, ಹಳದಿ ಬೇಗ ಮಾಸುತ್ತವೆ. ಕೆಲಸ ಜನವರಿಯಿಂದ ಮಾರ್ಚ್‌ವರೆಗೆ ಇಟ್ಟುಕೊಳ್ಳಿ.

ಗೋಡೆ ನಿಮ್ಮದಲ್ಲದಿದ್ದರೆ ಮಾಲೀಕರ ಒಪ್ಪಿಗೆ, ಸಾರ್ವಜನಿಕ ಗೋಡೆಯಾದರೆ ಪಾಲಿಕೆಯ ಅನುಮತಿ, ಎರಡೂ ಬರಹದಲ್ಲಿರಲಿ. ಊರ ಅಂದ ಕೆಡಿಸುವುದನ್ನು ತಡೆಯುವ 1981ರ ರಾಜ್ಯ ಕಾಯ್ದೆ ಇದೆ. ಬುಡದ ಒಂದೂವರೆ ಅಡಿಗೆ ಚಿತ್ರವನ್ನು ಇಳಿಸದೆ, ಗಾಢ ಕಾವಿಯ ಪಟ್ಟಿ ಬಳಿದುಬಿಡಿ. ಕೆಸರು ಸಿಡಿಯುವುದು ಅಲ್ಲಿಗೇ; ವರ್ಷಕ್ಕೊಮ್ಮೆ ಆ ಪಟ್ಟಿಗಷ್ಟೇ ಮತ್ತೆ ಬಣ್ಣ ಹೊಡೆದರೆ ಆಯಿತು.