ದುಬೈನಲ್ಲಿ ಕೆಲಸ ಬಿಟ್ಟರೆ ಗ್ರಾಚ್ಯುಟಿ ಎಷ್ಟು ಬರುತ್ತದೆ? ನಾವೇ ರಾಜೀನಾಮೆ ಕೊಟ್ಟರೆ ಕಡಿತ ಆಗುತ್ತದೆಯೇ?

ಆಗುವುದಿಲ್ಲ. ಹಿಂದೆ ರಾಜೀನಾಮೆ ಕೊಟ್ಟವರಿಗೆ ಕಡಿಮೆ ಸಿಗುತ್ತಿತ್ತು. 2022ರ ಫೆಬ್ರವರಿ 2ರಿಂದ ಜಾರಿಗೆ ಬಂದ ಯುಎಇಯ ಹೊಸ ಕಾರ್ಮಿಕ ಕಾನೂನು ಆ ಕಡಿತವನ್ನು ತೆಗೆದುಹಾಕಿದೆ. ಆದರೆ ಕನಿಷ್ಠ ಒಂದು ವರ್ಷ ಸತತವಾಗಿ ಕೆಲಸ ಮಾಡಿರಬೇಕು.

ಲೆಕ್ಕ ಸುಲಭ. ಮೊದಲ 5 ವರ್ಷಕ್ಕೆ ವರ್ಷಕ್ಕೆ 21 ದಿನದ ಸಂಬಳ, ಆಮೇಲೆ ವರ್ಷಕ್ಕೆ 30 ದಿನದ್ದು. ಎಷ್ಟೇ ವರ್ಷ ದುಡಿದರೂ ಒಟ್ಟು ಮೊತ್ತ 2 ವರ್ಷದ ಸಂಬಳ ಮೀರುವಂತಿಲ್ಲ.

ಜಾಸ್ತಿ ಜನ ಎಡವುವುದು ಇಲ್ಲೇ: ಇದು ಬೇಸಿಕ್ ಸಂಬಳದ ಮೇಲಿನ ಲೆಕ್ಕ, ಮನೆ ಬಾಡಿಗೆ, ಓಡಾಟದ ಭತ್ಯೆ ಸೇರುವುದಿಲ್ಲ. ಬೇಸಿಕ್ 3,000 ದಿರ್ಹಮ್ ಇದ್ದರೆ ದಿನಕ್ಕೆ 100. 4 ವರ್ಷಕ್ಕೆ 8,400 ದಿರ್ಹಮ್. ಹಾಗಾಗಿ ಆಫರ್ ಲೆಟರ್‌ಗೆ ಸಹಿ ಹಾಕುವಾಗ ಒಟ್ಟು ಸಂಬಳ ಮಾತ್ರ ನೋಡಬೇಡಿ, ಬೇಸಿಕ್ ಎಷ್ಟು ಅಂತ ಕೇಳಿ. ಸಂಬಳವಿಲ್ಲದ ರಜೆಯ ದಿನಗಳೂ ಲೆಕ್ಕಕ್ಕೆ ಬರುವುದಿಲ್ಲ.

ಕೆಲಸ ಮುಗಿದ 14 ದಿನದೊಳಗೆ ಕಂಪನಿ ಎಲ್ಲ ಬಾಕಿ ಕೊಡಬೇಕು. ಕೈಗೆ ದುಡ್ಡು ಬರುವ ಮೊದಲೇ ‘ಎಲ್ಲ ಸಂದಾಯವಾಗಿದೆ’ ಎಂಬ ಕಾಗದಕ್ಕೆ ದಯವಿಟ್ಟು ಸಹಿ ಹಾಕಬೇಡಿ. ದುಬೈನ ಡಿಐಎಫ್‌ಸಿ ಎಂಬ ಹಣಕಾಸು ಕೇಂದ್ರದ ವಲಯದಲ್ಲಿ ಕೆಲಸ ಮಾಡುವವರಿಗೆ ನಿಯಮ ಬೇರೆ.