ಪ್ರಜ್ಞಾ, ಪ್ರದ್ನ್ಯಾ, ಪ್ರಗ್ಯಾ

ಓದುಗರ ಪತ್ರ: ನಾವು ಹಾವೇರಿ ಕಡೆಯವರು, ಕೆಲಸದ ಸಲುವಾಗಿ ಪುಣೆಯಲ್ಲಿದ್ದೇವೆ. ಮಗಳ ಹೆಸರು ಪ್ರಜ್ಞಾ. ಶಾಲೆಯಲ್ಲಿ ಟೀಚರು ‘ಪ್ರದ್ನ್ಯಾ’ ಅನ್ನುತ್ತಾರೆ. ಪಕ್ಕದ ಮನೆಯ ಹಿಂದಿಯವರಿಗೆ ಅವಳು ‘ಪ್ರಗ್ಯಾ’. ಊರಿಗೆ ಹೋದರೆ ಅಜ್ಜಿ ‘ಪ್ರಗ್ನ್ಯಾ’ ಎಂದು ಕರೆಯುತ್ತಾರೆ. ಇದರಲ್ಲಿ ಸರಿ ಯಾವುದು? ತಪ್ಪು ಹೇಳಿದವರನ್ನು ತಿದ್ದಬೇಕೇ?

ಸಂಪಾದಕರ ಉತ್ತರ: ಹುಡುಕಿ ಹುಡುಕಿ ಎಂಥ ಅಕ್ಷರದ ಹೆಸರಿಟ್ಟಿದ್ದೀರಿ! ಜ್ಞ ಅಂತ ಬರೆದು ನೋಡಿ. ಜಕಾರ, ಅದರ ಕೆಳಗೆ ಞಕಾರದ ಒತ್ತು. ಬರೆದ ಹಾಗೇ ಓದುವುದಾದರೆ ‘ಜ’ ಕೇಳಿಸಬೇಕು. ನಮ್ಮ ಬಾಯಲ್ಲಿ ಬರುವುದು ‘ಗ’. ಅಂದರೆ ಅಜ್ಜಿ ಹೇಳುವುದೂ ಬರೆದಂತಿಲ್ಲ, ಅಲ್ವಾ? ಅದೇ ಅಕ್ಷರ ಮರಾಠಿಯಲ್ಲಿ ‘ದ್ನ್ಯ’ ಆಯಿತು. ನಿಮ್ಮ ಪುಣೆಯ ಹತ್ತಿರದ ಆಳಂದಿಗೆ ಹೋಗಿ ಕೇಳಿ, ನಾವು ಜ್ಞಾನೇಶ್ವರ ಅನ್ನುವ ಸಂತರು ಅಲ್ಲಿ ದ್ನ್ಯಾನೇಶ್ವರ. ಹಿಂದಿಯವರು ನಡುವಿನ ನಕಾರವನ್ನೇ ಬಿಟ್ಟು ‘ಗ್ಯ’ ಮಾಡಿಕೊಂಡರು. ಮಲಯಾಳಿಗಳು ಜ್ಞಾನಂ ಎಂದೇ ಬರೆಯುತ್ತಾರೆ, ಬಾಯಲ್ಲಿ ಹೇಳುವುದು ‘ಞಾನಂ’. ಕನ್ನಡಕ್ಕೆ ಎಂಟು ಸಲ ಬಂದ ಜ್ಞಾನಪೀಠವನ್ನೇ ನೋಡಿ. ದೆಹಲಿಯಲ್ಲಿ ಅದು ಗ್ಯಾನ್‌ಪೀಠ್.

ಹಳೆಯ ಕನ್ನಡಿಗರಂತೂ ಈ ತೊಡಕನ್ನು ಬುಡಸಮೇತ ಕಿತ್ತು ಹಾಕಿದ್ದರು. ಯಜ್ಞ ಜನ್ನವಾಯಿತು, ಸಂಜ್ಞೆ ಸನ್ನೆಯಾಯಿತು, ವಿಜ್ಞಾನ ಬಿನ್ನಾಣವಾಯಿತು. ನಿಮ್ಮ ಮಗಳು ಅವರ ಕೈಗೆ ಸಿಕ್ಕಿದ್ದರೆ ಏನಾಗುತ್ತಿದ್ದಳೋ!

ಹಾಗಾಗಿ ಟೀಚರನ್ನು ತಿದ್ದಲು ಹೋಗಬೇಡಿ. ಅವರು ತಪ್ಪು ಹೇಳುತ್ತಿಲ್ಲ, ಮರಾಠಿಯಲ್ಲಿ ಹೇಳುತ್ತಿದ್ದಾರೆ. ನಾವೇನು ಕಮ್ಮಿ? ಬಂಗಾಳಿಗಳ ಬಾಯಲ್ಲಿ ರೊಬೀಂದ್ರೊನಾಥ್ ಆಗಿರುವ ಕವಿಯನ್ನು ನಾವು ಆರಾಮವಾಗಿ ರವೀಂದ್ರನಾಥ ಅನ್ನುತ್ತೇವೆ. ನಮ್ಮ ರಾಮ ಹಿಂದಿಯಲ್ಲಿ ರಾಮ್, ತಮಿಳಿನಲ್ಲಿ ರಾಮನ್, ತೆಲುಗಿನಲ್ಲಿ ರಾಮುಡು. ಯಾರೂ ಜಗಳ ತೆಗೆದಿಲ್ಲ.

ಆದರೆ ನಾಲಿಗೆ ಹೊರಳದೆ ಹೇಳುವುದು ಬೇರೆ, ಬೇಕಂತಲೇ ಕೆಡಿಸುವುದು ಬೇರೆ. 2020ರ ಅಕ್ಟೋಬರ್‌ನಲ್ಲಿ ಅಮೆರಿಕದ ಸೆನೆಟರ್ ಡೇವಿಡ್ ಪರ್ಡ್ಯೂ ಚುನಾವಣಾ ಸಭೆಯೊಂದರಲ್ಲಿ ಕಮಲಾ ಹ್ಯಾರಿಸ್ ಹೆಸರನ್ನು ಎಳೆದಾಡಿ ಜನರನ್ನು ನಗಿಸಿದರು. ಇಬ್ಬರೂ 2017ರಿಂದ ಒಂದೇ ಸೆನೆಟ್‌ನಲ್ಲಿ ಕೂತವರು. ಹೆಸರು ಗೊತ್ತಿರಲಿಲ್ಲ ಅಂದರೆ ಯಾರು ನಂಬುತ್ತಾರೆ? ಇಂಥವರನ್ನು ತಿದ್ದಲೇಬೇಕು, ಮುಲಾಜಿಲ್ಲದೆ. ಇನ್ನೊಂದು ತಮಾಷೆ ಇದೆ. ಹ್ಯಾರಿಸ್ ತಮ್ಮ ಹೆಸರನ್ನು ತಾವೇ ಹೇಳುವಾಗ ನಮ್ಮ ಕಿವಿಗೆ ಅದು ‘ಕಾಮಲಾ’ ಎಂದೇ ಬೀಳುತ್ತದೆ. ಕಮಲಾ ಅನ್ನಿ ಎಂದು ನಾವು ಅವರಿಗೆ ಪಾಠ ಹೇಳುವ ಹಾಗಿಲ್ಲ. ಅದು ಅವರ ಹೆಸರು.

ನಿಮ್ಮ ಮನೆಯಲ್ಲೂ ಅಷ್ಟೇ. ಮಗಳನ್ನೊಮ್ಮೆ ಕೇಳಿದ್ದೀರಾ? ಪತ್ರದಲ್ಲಿ ಟೀಚರು, ಪಕ್ಕದ ಮನೆಯವರು, ಅಜ್ಜಿ ಎಲ್ಲರೂ ಇದ್ದಾರೆ, ಅವಳ ಮಾತು ಮಾತ್ರ ಇಲ್ಲ. ಗೆಳತಿಯರು ಕರೆಯುವ ‘ಪ್ರದ್ನ್ಯಾ’ನೇ ಅವಳಿಗೆ ಇಷ್ಟ ಇರಬಹುದು. ಊರಲ್ಲಿ ಒಂದು, ಶಾಲೆಯಲ್ಲಿ ಒಂದು ಅಂತ ಎರಡಕ್ಕೂ ಓಗೊಡುತ್ತಿರಬಹುದು. ಮಕ್ಕಳಿಗೆ ಇದು ಕಷ್ಟವೇ ಅಲ್ಲ.

ನೀವು ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದದ್ದು ಇಂಗ್ಲಿಷ್ ಸ್ಪೆಲ್ಲಿಂಗ್ ಬಗ್ಗೆ. ಡಿ-ಎನ್-ವೈ ಹಾಕಿದರೆ ಮರಾಠಿ ಉಚ್ಚಾರ ಕಾಯಂ. ಜಿ-ವೈ ಹಾಕಿದರೆ ಹಿಂದಿಯದು. ಜಿ-ಎನ್-ವೈ ನಮ್ಮದಕ್ಕೆ ಹತ್ತಿರ. ಜೆ-ಎನ್ ಅಕ್ಷರಕ್ಕೆ ನಿಷ್ಠೆ ತೋರಿಸುತ್ತದೆ ನಿಜ, ಆದರೆ ಗೊತ್ತಿಲ್ಲದವರು ‘ಪ್ರಜ್ನಾ’ ಎಂದು ಓದಿಬಿಡುತ್ತಾರೆ. ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲೆ ಮೂರರಲ್ಲೂ ಒಂದೇ ಸ್ಪೆಲ್ಲಿಂಗ್ ಇದೆಯೇ ಎಂದು ಈಗಲೇ ತೆಗೆದು ನೋಡಿ. ಹತ್ತನೇ ತರಗತಿಯ ಅಂಕಪಟ್ಟಿ ಕೈಗೆ ಬಂದ ಮೇಲೆ ಅದನ್ನು ಬದಲಿಸಲು ಅಫಿಡವಿಟ್, ಗೆಜೆಟ್ ಅಂತ ಜಾಸ್ತಿ ಓಡಾಡಬೇಕಾಗುತ್ತದೆ.