ಮೂರೂವರೆ ಕಳೆದರೂ ಮುಗಿಯದ ಟ್ರೇಡಿಂಗ್

ಪ್ರಶ್ನೆ: ಬದಿಯಡ್ಕದ ಹತ್ತಿರ ನಮ್ಮ ಅಡಿಕೆ ತೋಟ. ಗಂಡ ಎರಡು ವರ್ಷದಿಂದ ಮೊಬೈಲಿನಲ್ಲಿ ಆಪ್ಷನ್ ಟ್ರೇಡಿಂಗ್ (ಬೆಲೆ ಏರುತ್ತದೋ ಇಳಿಯುತ್ತದೋ ಎಂಬುದರ ಮೇಲೆ ದುಡ್ಡು ಹಾಕುವ ವ್ಯವಹಾರ) ಮಾಡುತ್ತಾರೆ. ಮೊದಲು ಅಡಿಕೆ ಮಾರಿದ ದುಡ್ಡು ಹೋಯಿತು. ಈಗ ನನಗೆ ಹೇಳದೆ ಬಳೆಯನ್ನು ಸೊಸೈಟಿಯಲ್ಲಿ ಅಡವಿಟ್ಟಿದ್ದಾರೆ. ಕೇಳಿದರೆ ‘ಇದು ಬಿಸಿನೆಸ್, ಜೂಜಲ್ಲ, ಲಾಸ್ ರಿಕವರ್ ಆಗ್ತಾ ಇದೆ’ ಅನ್ನುತ್ತಾರೆ. ರಾತ್ರಿಯೂ ಫೋನ್ ಬಿಡುವುದಿಲ್ಲ. ಇದು ಚಟವೇ?
– ಓದುಗರೊಬ್ಬರು, ಕಾಸರಗೋಡು ಜಿಲ್ಲೆ

ಉತ್ತರ: ಷೇರು ಕೊಂಡು ವರ್ಷಗಟ್ಟಲೆ ಇಡುವವರಿಗೂ ನಷ್ಟ ಬರುತ್ತದೆ. ಹಾಗಾಗಿ ಎಷ್ಟು ಹೋಯಿತು ಎಂಬುದರಿಂದ ಚಟ ತಿಳಿಯದು, ಸೋತ ಮೇಲೆ ಏನು ಮಾಡುತ್ತಾರೆ ಎಂಬುದನ್ನು ನೋಡಬೇಕು. ಕೋಳಿ ಅಂಕದಲ್ಲಿ ಸೋತವನು ಮನೆಗೆ ಹೋಗುವ ಬದಲು ಇನ್ನೊಂದು ಕೋಳಿಯ ಮೇಲೆ ದುಪ್ಪಟ್ಟು ಕಟ್ಟುತ್ತಾನಲ್ಲ, ಅದೇ ಇದು.

ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಒಂದು ವರ್ಷದ ಯುಪಿಐ ಹಿಸ್ಟರಿ ತೆರೆಯಿರಿ, ಅದರಲ್ಲಿ ಗಂಟೆಯೂ ಇರುತ್ತದೆ. ತಿಂಗಳಿಗೊಮ್ಮೆ ಒಂದೇ ಮೊತ್ತ ಬ್ರೋಕರ್‌ಗೆ ಹೋಗಿದ್ದರೆ ಅದು ಹೂಡಿಕೆಯ ರೀತಿ. 10.05ಕ್ಕೆ 5,000, 10.40ಕ್ಕೆ 10,000, 1.20ಕ್ಕೆ 25,000 ಎಂದು ಒಂದೇ ದಿನ ಏರುತ್ತಾ ಹೋಗಿದ್ದರೆ ಸೋತದ್ದರ ಹಿಂದೆ ಓಡುತ್ತಿದ್ದಾರೆ. ಲಾಭದ ಸ್ಕ್ರೀನ್‌ಶಾಟ್ ತೋರಿಸಿದರೆ ನಂಬಬೇಡಿ, ಬ್ರೋಕರೇಜ್ (ಬ್ರೋಕರ್‌ನ ಶುಲ್ಕ) ಮತ್ತು ತೆರಿಗೆಯನ್ನು ಕಳೆದು ಇಡೀ ವರ್ಷಕ್ಕೆ ಉಳಿದದ್ದೆಷ್ಟು ಎಂಬ ಲೆಕ್ಕ ಕೇಳಿ. ಷೇರು ಮಾರುಕಟ್ಟೆ 3.30ಕ್ಕೆ ಮುಚ್ಚುತ್ತದೆ. ರಾತ್ರಿ ಹನ್ನೊಂದರ ಹೊತ್ತಿಗೂ ಫೋನ್ ಹಿಡಿದಿದ್ದರೆ ಎಂಸಿಎಕ್ಸ್‌ ಎಂಬ ಸರಕು (ಕಮಾಡಿಟಿ) ಮಾರುಕಟ್ಟೆಯಲ್ಲಿ ಕಚ್ಚಾ ತೈಲವನ್ನೋ ಚಿನ್ನವನ್ನೋ ಹಿಡಿದಿರಬಹುದು, ಕೇಳಿ ನೋಡಿ.

ವೈದ್ಯರು ಒಂಬತ್ತು ಲಕ್ಷಣಗಳನ್ನು ನೋಡುತ್ತಾರೆ. 12 ತಿಂಗಳಲ್ಲಿ ನಾಲ್ಕು ಕಂಡರೆ ಜೂಜಿನ ಚಟ. ಸೋತದ್ದನ್ನು ಮರಳಿ ಪಡೆಯುವ ಹಟ, ಮನೆಯವರಿಂದ ಮುಚ್ಚಿಡುವುದು: ನಿಮ್ಮ ಪತ್ರದಲ್ಲೇ ಎರಡಿವೆ. ಬಿಡಲು ಹೋಗಿ ಸೋತಿದ್ದಾರೆಯೇ, ಬಿಟ್ಟ ದಿನ ಸಿಡುಕುತ್ತಾರೆಯೇ, ಮೊದಲಿನ ಮೊತ್ತ ಸಾಕಾಗದಾಗಿದೆಯೇ ಎಂದು ನೀವೇ ನೋಡಬಲ್ಲಿರಿ.

‘ಬಿಸಿನೆಸ್’ ಎಂಬ ಮಾತಿಗೆ ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿಯ ಲೆಕ್ಕ ಸಾಕು: 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ (ಮುಂದಿನ ದಿನಾಂಕದ ಬೆಲೆಯ ಒಪ್ಪಂದ) ಮತ್ತು ಆಪ್ಷನ್ಸ್, ಅಂದರೆ ಎಫ್ ಆ್ಯಂಡ್ ಒ, ಆಡಿದ ಬಿಡಿ ವ್ಯಕ್ತಿಗಳಲ್ಲಿ ಶೇ. 93ರಷ್ಟು ಮಂದಿ ಹಣ ಕಳೆದುಕೊಂಡರು. ಎಕ್ಸ್‌ಪೈರಿ ದಿನ, ಅಂದರೆ ಆಪ್ಷನ್‌ನ ಅವಧಿ ಮುಗಿಯುವ ದಿನ, ಎರಡು ರೂಪಾಯಿಯ ಆಪ್ಷನ್ ಅರ್ಧ ಗಂಟೆಯಲ್ಲಿ ಹತ್ತೂ ಆಗಬಹುದು, ಸೊನ್ನೆಯೂ ಆಗಬಹುದು. ಒಮ್ಮೊಮ್ಮೆ ಮಾತ್ರ, ಅದೂ ಯಾವಾಗ ಎಂದು ತಿಳಿಯದೆ ಬರುವ ಇಂಥ ಗೆಲುವೇ ಮನಸ್ಸನ್ನು ಕಟ್ಟಿಹಾಕುವುದು.

ಅವರು ಪಾರ್ಕಿನ್ಸನ್ಸ್ ಎಂಬ ನಡುಕದ ಕಾಯಿಲೆಗೆ ಪ್ರಾಮಿಪೆಕ್ಸೋಲ್‌ನಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ವೈದ್ಯರಿಗೆ ಹೇಳಿ. ಆ ಗುಂಪಿನ ಔಷಧಗಳಿಂದಲೂ ಜೂಜಿನ ಹುಚ್ಚು ಹತ್ತುವುದುಂಟು.

ಒಡವೆ ಮಾರಿ ಸಾಲವನ್ನು ಒಂದೇ ಸಲ ತೀರಿಸಿಕೊಡಬೇಡಿ. ತೀರಿದ ಮರುದಿನವೇ ಕೈ ಮತ್ತೆ ಟ್ರೇಡಿಂಗ್ ಖಾತೆಯತ್ತ ಹೋಗುತ್ತದೆ. ಸಾಲದ ಪಟ್ಟಿ ಬರೆದು ಕಂತು ಮಾಡಿ, ಕಂತನ್ನು ನೀವೇ ಕಟ್ಟಿ. ಅವರ ಒಪ್ಪಿಗೆಯಿಂದ ಎಫ್ ಆ್ಯಂಡ್ ಒ ಮತ್ತು ಕಮಾಡಿಟಿ ವಿಭಾಗ ಬಂದ್ ಮಾಡಿಸಿ. ಗ್ರಾಹಕರೇ ತಮ್ಮ ಆನ್‌ಲೈನ್ ಟ್ರೇಡಿಂಗ್ ಖಾತೆಯನ್ನು ತಡೆಹಿಡಿಸುವ ಸೌಲಭ್ಯ ಕೊಡಬೇಕೆಂದು ಸೆಬಿ ಬ್ರೋಕರ್‌ಗಳಿಗೆ ಹೇಳಿದೆ. ಆದರೆ ಅದನ್ನು ಮತ್ತೆ ತೆರೆಸಬಲ್ಲವರೂ ನಿಮ್ಮ ಗಂಡನೇ. ಬೇರೆ ಬ್ರೋಕರ್‌ನಲ್ಲಿ ಖಾತೆ ತೆರೆಯಲೂ ಹೆಚ್ಚು ಹೊತ್ತು ಬೇಡ. ಅದಕ್ಕೇ ದುಡ್ಡಿನ ದಾರಿಗೇ ಬೇಲಿ ಹಾಕಬೇಕು: ಯುಪಿಐ ಮಿತಿ ಇಳಿಸಿ, ಸಾಲದ ಆ್ಯಪ್‌ಗಳನ್ನು ತೆಗೆಸಿ.

ಮೊದಲ ಕೆಲವು ವಾರ ನಿದ್ದೆಗೆಡುತ್ತಾರೆ, ರೇಗುತ್ತಾರೆ. ಆಗ ಮಾತಿಗೆ ಮಾತು ಬೆಳೆಸಬೇಡಿ. ಆದರೆ ‘ನಾನಿಲ್ಲದಿದ್ದರೆ ಸಾಲವೂ ಇರುವುದಿಲ್ಲ’ ಎಂಬಂಥ ಮಾತು ಬಂದರೆ ಅದೇ ದಿನ ಮನೋವೈದ್ಯರಲ್ಲಿಗೆ ಕರೆದೊಯ್ಯಿರಿ, ಕೀಟನಾಶಕದ ಡಬ್ಬಿಗಳನ್ನು ಬೀಗದೊಳಗಿಡಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಮಂಗಳೂರಿನ ಮೆಡಿಕಲ್ ಕಾಲೇಜುಗಳಲ್ಲಿ ಮನೋವೈದ್ಯ ವಿಭಾಗಗಳಿವೆ. ಚಿಕಿತ್ಸೆ ಹೆಚ್ಚಾಗಿ ಮಾತುಕತೆಯದೇ, ವಾರಕ್ಕೊಮ್ಮೆಯಂತೆ ಕೆಲವು ತಿಂಗಳು.

ಈ ಸಲದ ಅಡಿಕೆಯ ಹಣ ಬರುವ ಮೊದಲೇ ಬ್ಯಾಂಕಿಗೆ ಹೋಗಿ, ಇಬ್ಬರ ಸಹಿ ಇಲ್ಲದೆ ತೆಗೆಯಲಾಗದ ಜಂಟಿ ಖಾತೆ ಮಾಡಿಸಿ. ಅದಕ್ಕೆ ಯುಪಿಐ ಜೋಡಿಸಬೇಡಿ.